ಗುದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ

ಥಾಣೆಯ ಘೋಡ್‌ಬಂದರ್ ರೋಡಿನ ಮೂವತ್ತು ಮಾಳಿಗೆಯ ಟವರಿರಲಿ, ಡೊಂಬಿವಲಿ ಪೂರ್ವದ ಲಿಫ್ಟಿಲ್ಲದ ಹಳೆಯ ಸೊಸೈಟಿಯಿರಲಿ, ಈಗ ನಮ್ಮವರ ಮನೆಯ ಹಾಲ್‌ಗೆ ಕಾಲಿಟ್ಟರೆ ಕಾಣುವ ದೃಶ್ಯ ಹೆಚ್ಚು ಕಡಿಮೆ ಒಂದೇ. ಗೋಡೆಗೆ ದೊಡ್ಡ ಟಿವಿ, ಅದರ ಎರಡೂ ಬದಿಗೆ ಸ್ಪೀಕರು, ನಡುವೆ ಅಡ್ಡ ಮಲಗಿದ ಇನ್ನೊಂದು, ಮೂಲೆಯಲ್ಲಿ ಕಪ್ಪು ಪೆಟ್ಟಿಗೆಯಂಥ ವೂಫರ್, ಸೋಫಾದ ಹಿಂದೆ ಎರಡು ಸಣ್ಣವು. ಐದು ಸ್ಪೀಕರು, ಒಂದು ವೂಫರ್, ಅದಕ್ಕೇ 5.1 ಎಂಬ ಹೆಸರು. ಲಾಕ್‌ಡೌನಿನಲ್ಲಿ ಥಿಯೇಟರ್ ಮುಚ್ಚಿದಾಗ ಕೊಂಡವರು ಕೆಲವರು, ದೀಪಾವಳಿಯ ಬೋನಸ್ಸಿನಲ್ಲಿ ಕೊಂಡವರು ಹಲವರು. ಮೊದಲ ವಾರ, ಮನೆಗೆ ಬಂದವರಿಗೆಲ್ಲ ಬಲಗಿವಿಯಿಂದ ಎಡಗಿವಿಗೆ ಹೆಲಿಕಾಪ್ಟರ್ ಹಾರಿಸಿ ತೋರಿಸುವ ಸಂಭ್ರಮ. ಎರಡನೆಯ ವಾರದಿಂದ ರಿಮೋಟಿನ ಕೆಲಸ ಶುರು. ಮಾತು ಬಂದಾಗ ಏರಿಸು, ಹೊಡೆದಾಟ ಬಂದಾಗ ಇಳಿಸು, ಹಾಡು ಬಂದರೆ ಇನ್ನೂ ಇಳಿಸು.

ಟಿವಿ ಕೊಳ್ಳುವುದರ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಕಲ್ಯಾಣದಿಂದಲೂ ಖಾರ್ಘರ್‌ನಿಂದಲೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಮಾತು ಕೇಳುವುದಿಲ್ಲ, ಸ್ಪೀಕರ್ ಹಾಳಾಗಿದೆಯೇ, ಬದಲಿಸಬೇಕೇ? ಹೆಚ್ಚಿನ ಮನೆಗಳಲ್ಲಿ ಸ್ಪೀಕರ್ ಹಾಳಾಗಿರುವುದಿಲ್ಲ. ಪೆಟ್ಟಿಗೆಯಿಂದ ತೆಗೆದು ವಯರು ಸಿಕ್ಕಿಸಿದ ದಿನ ಇದ್ದ ಹಾಗೆಯೇ ಇವತ್ತೂ ಇದೆ, ತೊಂದರೆ ಅದೇ. ಪುನಃ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹಣ ಸುರಿಯುವ ಮೊದಲು ಒಂದು ಭಾನುವಾರದ ಮಧ್ಯಾಹ್ನ ಈ ಕೆಲಸಕ್ಕೆ ಕೊಡಿ.

ಇದು ಶೋಕಿಯವರ ಸಮಸ್ಯೆ ಎಂದು ನಾನೂ ತಳ್ಳಿಹಾಕುತ್ತಿದ್ದೆನೋ ಏನೋ, ಡೊಂಬಿವಲಿಯ ಗೆಳೆಯನೊಬ್ಬನ ಮನೆಯಲ್ಲಿ ಅವನ ಅಮ್ಮನ ಮಾತು ಕೇಳದಿದ್ದರೆ. ಕಾರ್ಕಳದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗ ಇಲ್ಲಿಗೆ ಕರೆದುಕೊಂಡು ಬಂದಿದ್ದಾನೆ. ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಇಲ್ಲವೇ ಇಲ್ಲ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ಕತ್ತಲಾದ ಮೇಲೆ ವಾಪಸ್. ಹಗಲೆಲ್ಲ ಅವರ ಕಿವಿಗೆ ಬೀಳುವ ಕನ್ನಡ ಅಂದರೆ ಟಿವಿಯದೇ. ಆ ದಿನ ರಾತ್ರಿ ಮನೆಯವರೆಲ್ಲ ಕೂತು ‘ಕಾಂತಾರ’ ಹಾಕಿದ್ದರು. ಅದರ ಕರಾವಳಿ ಮಾತು, ಅದರ ಕೋಲ, ಇವೆಲ್ಲ ಆ ಮನೆಯಲ್ಲಿ ಸರಿಯಾಗಿ ಗೊತ್ತಿರುವುದು ಅವರೊಬ್ಬರಿಗೇ. ಮೊಮ್ಮಕ್ಕಳು ಏನಾದರೂ ಕೇಳಬೇಕಾದರೆ ಅವರನ್ನೇ ಕೇಳಬೇಕು. ಅವರು ಅರ್ಧದಲ್ಲಿ ಎದ್ದು ಒಳಗೆ ಹೊರಟರು. “ಎಂತ ಮಗಾ, ಇದರಲ್ಲಿ ಗುದ್ದುವುದು ಕೇಳ್ತದೆ, ಮಾತು ಕೇಳುದಿಲ್ಲ. ನನಗೆ ಒಳಗಿನ ಸಣ್ಣ ಟಿವಿಯೇ ಸಾಕು” ಅಂದರು. ಎಲ್ಲರೂ ಒಟ್ಟಿಗೆ ಕೂತು ನೋಡಲೆಂದು ತಂದ ವಸ್ತು ಒಬ್ಬರನ್ನು ಹಾಲ್‌ನಿಂದ ಎಬ್ಬಿಸಿ ಕಳಿಸಿತ್ತು. ಕಿವಿ ಮಂದವಾಗಿದೆ, ವಯಸ್ಸಾಯಿತಲ್ಲ ಎಂದು ಗೆಳೆಯ ಸಮಾಧಾನ ಮಾಡಿಕೊಂಡಿದ್ದ. ವಯಸ್ಸು ಕಾರಣ ಹೌದು, ಆದರೆ ಅರ್ಧ ಕಾರಣ ಮಾತ್ರ.

ಉಳಿದರ್ಧ ತಿಳಿಯಬೇಕಾದರೆ ಮಾತು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. 5.1 ಧ್ವನಿಯ ಸಿನಿಮಾದಲ್ಲಿ ಪಾತ್ರಗಳ ಮಾತು ಬಹುಪಾಲು ಒಂದೇ ಸ್ಪೀಕರಿನಿಂದ, ಟಿವಿಯ ಕೆಳಗಿರುವ ಸೆಂಟರ್‌ನಿಂದ ಬರುತ್ತದೆ. ಸಂಗೀತ ಎಡಬಲಕ್ಕೆ. ಮಳೆ, ಜನಜಂಗುಳಿ, ಕಾಡಿನ ಸದ್ದು ಹಿಂದಿನ ಎರಡಕ್ಕೆ. ಗುಡುಗು, ಸ್ಫೋಟ, ಡೋಲಿನ ತಳದ ಪೆಟ್ಟು ವೂಫರಿಗೆ. ಅಂದರೆ ಇಡೀ ಕಥೆಯನ್ನು ಹೇಳುವುದು ಐದರಲ್ಲಿ ಒಂದು, ಉಳಿದವು ಅದಕ್ಕೆ ಹಿಮ್ಮೇಳ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಊರಿನ ಬಯಲಾಟವಿರಲಿ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಗೃಹವಿರಲಿ, ಚೆಂಡೆಯ ಪೆಟ್ಟಿಗೆ ಭಾಗವತರ ಪದ ಮುಳುಗಿತೆಂದರೆ ಮುಂದಿನ ಸಾಲಿನ ಹಿರಿಯರೊಬ್ಬರು ಮೈಕಿನವನ ಕಡೆ ಕೈ ಬೀಸಿಯೇ ಬೀಸುತ್ತಾರೆ. ನಮ್ಮ ಹಾಲ್‌ನಲ್ಲಿ ಹಾಗೆ ಕೈ ಬೀಸಿದರೆ ನೋಡುವ ಮೈಕಿನವನಿಲ್ಲ, ನಾವೇ ಆಗಬೇಕು.

ಥಿಯೇಟರಿನಲ್ಲಿ ಆ ಕೆಲಸಕ್ಕೆ ಜನ ಇದ್ದಾರೆ. 1940ರಲ್ಲಿ ಡಿಸ್ನಿ ಕಂಪನಿ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಫ್ಯಾಂಟಾಸೌಂಡ್ ಎಂಬ ಏರ್ಪಾಟು ಮಾಡಿ ಹಲವು ದಿಕ್ಕುಗಳಿಂದ ಸದ್ದು ಕೇಳಿಸಿದಾಗಿನಿಂದಲೂ, ಸ್ಪೀಕರ್ ಇಡುವುದಕ್ಕಿಂತ ಅವುಗಳನ್ನು ಹದಕ್ಕೆ ತರುವುದೇ ದೊಡ್ಡ ಕೆಲಸ. ನಮ್ಮ ಮುಂಬಯಿಯ ಹಿರಿಯರು 1975ರಲ್ಲಿ ಇದೇ ಲ್ಯಾಮಿಂಗ್ಟನ್ ರೋಡಿನ ಮಿನರ್ವಾ ಟಾಕೀಸಿನಲ್ಲಿ ‘ಶೋಲೆ’ಯನ್ನು 70 ಎಂಎಂ ಪರದೆ, ಸ್ಟೀರಿಯೋಫೋನಿಕ್ ಧ್ವನಿಯಲ್ಲಿ ನೋಡಿದ ಕಥೆ ಈಗಲೂ ಹೇಳುತ್ತಾರೆ. ಜೈ ಎಸೆದ ನಾಣ್ಯ ಬಿದ್ದ ಸದ್ದಿಗೆ ಜನ ತಮ್ಮ ಕುರ್ಚಿಯ ಕೆಳಗೆ ಹುಡುಕಿದರಂತೆ. ಎಷ್ಟು ನಿಜವೋ, ಹೇಳುವವರ ಮುಖದ ಖುಷಿಯಂತೂ ನಿಜ. ಆ ನಾಣ್ಯದ ಸದ್ದು ಗಬ್ಬರನ ಮಾತನ್ನು ನುಂಗದ ಹಾಗೆ ಯಾರೋ ಒಬ್ಬರು ಕೂತು ಅಳತೆ ಮಾಡಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ನಮ್ಮ ಹಾಲ್‌ಗೆ ಬನ್ನಿ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ ಎಂದಿಟ್ಟುಕೊಳ್ಳಿ. ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ಬೇರೆ ಕಡೆ ಇಟ್ಟರೆ ನಡೆಯಲು ಜಾಗವಿಲ್ಲ. ಎಡಬದಿಗೆ ಗೋಡೆ, ಬಲಬದಿಗೆ ಅಡುಗೆಮನೆಗೆ ಹೋಗುವ ದಾರಿ. ಹಿಂದಿನ ಎಡ ಸ್ಪೀಕರ್ ಕೂತವರ ಕಿವಿಗೆ ಮೂರಡಿ ದೂರದಲ್ಲಿ, ಬಲದ್ದು ಆರಡಿ ಆಚೆ ಫ್ರಿಜ್ಜಿನ ಮೇಲೆ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಸ್ವಲ್ಪ ವಾಪಸ್ ಕೊಡುವುದರಿಂದ ಅಷ್ಟು ಇಳಿಯದು, ಆದರೂ ವ್ಯತ್ಯಾಸ ಸಣ್ಣದಲ್ಲ. 1 ಡೆಸಿಬೆಲ್ ಅಂದರೆ ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು ವ್ಯತ್ಯಾಸ. 10 ಡೆಸಿಬೆಲ್ ಏರಿದರೆ ಸದ್ದು ಎರಡರಷ್ಟಾದಂತೆ ಕೇಳುತ್ತದೆ. ಹಾಗಾಗಿ ಎಲ್ಲ ಸ್ಪೀಕರಿನ ಅಂಕಿಯೂ ಸೊನ್ನೆಯಲ್ಲಿದೆ, ಸಮ ಇದೆಯಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಸಮ ಇರಬೇಕಾದದ್ದು ಪೆಟ್ಟಿಗೆಯ ಅಂಕಿ ಅಲ್ಲ, ಸೋಫಾದ ಮೇಲೆ ಕೂತವರ ಕಿವಿಗೆ ತಲುಪುವ ಸದ್ದು. ನಾನು ಈ ಅಂಕಣದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದನ್ನೇ.

ಅಳೆಯುವ ಮೊದಲು ಒಮ್ಮೆ ಕಣ್ಣಾಡಿಸಿ. ಗೆಳೆಯನ ಮನೆಯಲ್ಲಿ ಸೆಂಟರ್ ಸ್ಪೀಕರನ್ನು ಶೋಕೇಸಿನ ಒಳಗೆ ಅಂಗೈ ಅಗಲದಷ್ಟು ಹಿಂದಕ್ಕೆ ತಳ್ಳಿದ್ದರು. ಅದರ ಮುಂದೆ ತಿರುಪತಿಯ ಫೋಟೊ, ಮಗಳಿಗೆ ಭಾಷಣ ಸ್ಪರ್ಧೆಯಲ್ಲಿ ಬಂದ ಕಪ್ಪು, ಒಂದು ಹಿತ್ತಾಳೆಯ ಆನೆ. ಪಾತ್ರಗಳ ಮಾತೆಲ್ಲ ಆನೆಯ ಹೊಟ್ಟೆಯ ಸಂದಿನಿಂದ ಬರಬೇಕು! ಸ್ಪೀಕರನ್ನು ಹಲಗೆಯ ಅಂಚಿಗೆ ತಂದು, ಅಡಿಗೆ ಮಡಚಿದ ರಬ್ಬರ್ ತುಂಡಿಟ್ಟು ಮೂತಿಯನ್ನು ಸ್ವಲ್ಪ ಮೇಲಕ್ಕೆ, ಕೂತವರ ಮುಖದ ಕಡೆ ಎತ್ತಿದೆವು. ದೇವರ ಫೋಟೊ ಮೇಲಿನ ಅರೆಗೆ ಹೋಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಅಷ್ಟರಲ್ಲೇ ಮಾತಿನ ಮೊಬ್ಬು ಮುಕ್ಕಾಲು ಹರಿಯಿತು.

ಇನ್ನು ಅಳತೆ. ರಿಸೀವರ್ ಇದ್ದವರಿಗೆ ಅದರ ಮೆನುವಿನಲ್ಲಿ ‘ಸ್ಪೀಕರ್ ಲೆವೆಲ್’ ಎಂಬಲ್ಲಿ ಟೆಸ್ಟ್ ಟೋನ್ ಸಿಗುತ್ತದೆ. ಜುಲೈ ತಿಂಗಳ ಮಳೆ ತಗಡಿನ ಮೇಲೆ ಒಂದೇ ಸಮ ಸುರಿದ ಹಾಗೆ ಶೋ ಎಂಬ ಸದ್ದು, ಒಂದೊಂದೇ ಸ್ಪೀಕರಿನಿಂದ ಸರದಿಯಾಗಿ ಬರುತ್ತದೆ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಐಫೋನಿಗೆ ಅಮೆರಿಕದ ನಯೋಶ್ ಸಂಸ್ಥೆಯದು ಉಚಿತವಾಗಿಯೇ ಇದೆ, ಆಂಡ್ರಾಯ್ಡಿಗೆ ಬೇಕಾದಷ್ಟಿವೆ. ಅದರಲ್ಲಿ ‘ಸಿ’ ಮತ್ತು ‘ಸ್ಲೋ’ ಎಂಬ ಆಯ್ಕೆಗಳಿದ್ದರೆ ಅವನ್ನು ಒತ್ತಿ. ಫ್ಯಾನು, ಎಸಿ, ವಾಷಿಂಗ್ ಮಷಿನ್ ಬಂದ್, ಕಿಟಕಿ ಬಂದ್. ರೈಲು ಹಳಿಯ ಪಕ್ಕದ ಮನೆಯವರು ಮೆಗಾ ಬ್ಲಾಕ್ ಇರುವ ಭಾನುವಾರವನ್ನು ಆರಿಸಿಕೊಳ್ಳಬಹುದು. ಮೆಗಾ ಬ್ಲಾಕಿನಿಂದ ಯಾರಿಗಾದರೂ ಉಪಕಾರವಾಗುವುದು ಇದೊಂದೇ ಸಂದರ್ಭದಲ್ಲಿ ಇರಬೇಕು.

ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಮೆತ್ತೆಯ ಮೇಲೂ ಇಡಬೇಡಿ. ಒಂದು ಸ್ಟೂಲು, ಅದರ ಮೇಲೆ ನಾಲ್ಕು ಪುಸ್ತಕ, ಅದರ ಮೇಲೆ ಮೊಬೈಲು. ಕೂತವರ ಕಿವಿಯ ಎತ್ತರಕ್ಕೆ ಬರಬೇಕು, ಮೈಕ್ ಇರುವ ತುದಿ ಮೇಲಕ್ಕೆ. ಈಗ ಒಂದೊಂದು ಸ್ಪೀಕರ್ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಬಹಳ ರಿಸೀವರುಗಳಲ್ಲಿ 75 ಡೆಸಿಬೆಲ್ ಗುರಿ. ಫ್ಲ್ಯಾಟಿನಲ್ಲಿ ಅದು ಜೋರೆನಿಸಿದರೆ 68ಕ್ಕೆ, 70ಕ್ಕೆ ಇಟ್ಟುಕೊಳ್ಳಿ. ಅಂಕಿ ಎಷ್ಟೆಂಬುದಲ್ಲ, ಐದೂ ಒಂದೇ ಬರಬೇಕು ಎಂಬುದು ಮುಖ್ಯ. ಮೊಬೈಲಿನ ಮೈಕ್ ಅಷ್ಟು ನಂಬಿಕಸ್ಥವೇ ಎಂದು ಕೇಳುವವರಿದ್ದಾರೆ. ಕಿರಾಣಿ ಅಂಗಡಿಯ ತಕ್ಕಡಿ ಐವತ್ತು ಗ್ರಾಂ ತಪ್ಪು ತೋರಿಸಿದರೂ ಎರಡು ತೆಂಗಿನಕಾಯಿಯಲ್ಲಿ ಯಾವುದು ಭಾರ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ಇಲ್ಲೂ ಹಾಗೆಯೇ. ಅದೇ ಮೊಬೈಲು, ಅದೇ ಜಾಗ, ಅಷ್ಟಿದ್ದರೆ ಹೋಲಿಕೆ ಸರಿಬರುತ್ತದೆ. ವೂಫರಿಗೆ ಮಾತ್ರ ಈ ಮಾತು ಅನ್ವಯಿಸದು. ತೀರಾ ತಗ್ಗಿನ ಸ್ವರಗಳನ್ನು ಮೊಬೈಲಿನ ಮೈಕ್ ಸರಿಯಾಗಿ ಹಿಡಿಯುವುದಿಲ್ಲ.

ಗೆಳೆಯನ ಮನೆಯಲ್ಲಿ ಮುಂದಿನ ಎಡಬಲ ಎರಡೂ 71ರ ಆಸುಪಾಸು, ಸೆಂಟರ್ 67, ಹಿಂದಿನ ಎಡ 76, ಬಲ 70. ಅಂದರೆ ಅಮ್ಮ ಕೂರುವ ಎಡ ಮೂಲೆಯಲ್ಲಿ ಕಥೆ ಹೇಳುವ ಸ್ಪೀಕರ್ ಎಲ್ಲದಕ್ಕಿಂತ ಮೆತ್ತಗೆ, ಕಿವಿಯ ಪಕ್ಕದ ಗಾಳಿಮಳೆ ಎಲ್ಲದಕ್ಕಿಂತ ಜೋರು. ಅವರು ಎದ್ದು ಹೋದದ್ದರಲ್ಲಿ ಆಶ್ಚರ್ಯವೇನು?

ಕೆಲವು ರಿಸೀವರಿನ ಜೊತೆ ಒಂದು ಸಣ್ಣ ಮೈಕ್ ಬರುತ್ತದೆ. ಸಿಕ್ಕಿಸಿದರೆ ಯಂತ್ರವೇ ಅಳೆದು ಹೊಂದಿಸಿಕೊಳ್ಳುತ್ತದೆ. ಯಮಾಹಾದಲ್ಲಿ ಅದಕ್ಕೆ ವೈಪಾವೊ ಎನ್ನುತ್ತಾರೆ, ಡೆನಾನ್‌ನಲ್ಲಿ ಆಡಿಸಿ. ಒಳ್ಳೆಯದೇ, ಬಳಸಿ. ಆದರೆ ಅದನ್ನೂ ಸ್ಟೂಲಿನ ಮೇಲೆ ಕಿವಿಯೆತ್ತರಕ್ಕೆ ಇಡಬೇಕು, ಅಳೆಯುವಾಗ ಕುಕ್ಕರ್ ಸೀಟಿ ಹಾಕಬಾರದು. ಮುಗಿದ ಮೇಲೆ ಅಂಕಿಗಳನ್ನು ನೋಡಿ. ಯಾವುದಾದರೂ ಒಂದು ಮೇಲಿನ ಅಥವಾ ಕೆಳಗಿನ ಕೊನೆಗೆ ಹೋಗಿ ಕೂತಿದ್ದರೆ ಅಲ್ಲಿ ವಯರೋ ಜಾಗವೋ ತಪ್ಪಿದೆ ಎಂದರ್ಥ. ಇನ್ನೊಂದು, ಮೆನುವಿನಲ್ಲಿ ‘ಡಿಸ್ಟೆನ್ಸ್’ ಎಂದು ಕೇಳುವುದು ಬೇರೆಯೇ ಲೆಕ್ಕ. ಸದ್ದು ಒಂದು ಅಡಿ ಸಾಗಲು ಹೆಚ್ಚು ಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರಿನ ಸದ್ದನ್ನು ಅಷ್ಟು ತಡೆಹಿಡಿದು ಎಲ್ಲವನ್ನೂ ಒಟ್ಟಿಗೆ ಕಿವಿಗೆ ಮುಟ್ಟಿಸುವುದು ಅದರ ಕೆಲಸ. ಜೋರು ಮೆತ್ತಗೆ ಅದರಿಂದ ಸರಿಯಾಗದು. ಟೇಪು ಹಿಡಿದು ಅಳೆದು ತುಂಬಿ, ಮುಂದೆ ಹೋಗಿ.

ಐದೂ ಸಮ ಬಂದವು. ಕೆಲಸ ಮುಗಿಯಿತೇ? ಪುಸ್ತಕದ ಪ್ರಕಾರ ಮುಗಿಯಿತು, ಮನೆಯ ಪ್ರಕಾರ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ವರಗಳನ್ನು. ಮಾತಿನಲ್ಲಿ ಸ್ವರಾಕ್ಷರಗಳ ಸದ್ದು ತಗ್ಗಿನಲ್ಲಿದೆ, ಬಲವಾಗಿಯೂ ಇದೆ. ಸ, ಶ, ಚ, ತ, ಕ ಮುಂತಾದ ವ್ಯಂಜನಗಳ ಗುರುತು ಏರುಸ್ವರದಲ್ಲಿದೆ, ಕ್ಷೀಣವಾಗಿಯೂ ಇದೆ. ಕಾಲು, ಸಾಲು, ಹಾಲು, ಪಾಲು ನಾಲ್ಕರಲ್ಲೂ ಮೊದಲ ವ್ಯಂಜನ ಅಳಿಸಿಹೋದರೆ ಕಿವಿಗೆ ಬೀಳುವುದು ‘ಆಲು’ ಒಂದೇ. “ಕೇಳ್ತದೆ, ಆದರೆ ಏನು ಹೇಳಿದ್ರು ಗೊತ್ತಾಗುದಿಲ್ಲ” ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ. ಅಂಥವರಿಗಾಗಿ ಎಲ್ಲದರ ವಾಲ್ಯೂಮ್ ಏರಿಸಿದರೆ ಗುದ್ದೂ ಏರುತ್ತದೆ. ತಗ್ಗಿನ ಭಾರೀ ಸದ್ದು ಮೇಲಿನ ಸೂಕ್ಷ್ಮ ಸದ್ದನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ, ಮಾತು ಮತ್ತೆ ಅಡಿಗೆ.

ಹಾಗಾಗಿ ಮೊದಲು ಸಮ ಮಾಡಿ, ಆಮೇಲೆ ಬೇಕೆಂದೇ ಓರೆ ಮಾಡಿ. ಸೆಂಟರನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ಹಿಂದಿನ ಎರಡನ್ನು 1, 2 ಇಳಿಸಿ. ವೂಫರನ್ನು 3 ಇಳಿಸಿ. ಸಿನಿಮಾ ಹುಚ್ಚಿನವರು ಇದನ್ನು ಅಪಚಾರ ಎನ್ನುತ್ತಾರೆ, ನಿರ್ದೇಶಕರು ಹೀಗೆ ಕೇಳಿಸಲು ಬಯಸಿರಲಿಲ್ಲವಂತೆ. ನಿರ್ದೇಶಕರು ಹತ್ತು ಬೈ ಹದಿನೈದರ ಹಾಲ್‌ನಲ್ಲಿ ಎಪ್ಪತ್ತೈದರ ಅಮ್ಮನ ಪಕ್ಕ ಕೂತು ಮಿಕ್ಸಿಂಗ್ ಮಾಡಿಸಿರಲಿಲ್ಲವಲ್ಲ. 3ಕ್ಕಿಂತ ಹೆಚ್ಚು ಏರಿಸಿದರೆ ಮಾತು ಪರದೆಯಿಂದ ಬೇರೆಯಾಗಿ ರೇಡಿಯೋ ನಾಟಕದಂತೆ ಕೇಳತೊಡಗುತ್ತದೆ, ಅಲ್ಲಿ ನಿಲ್ಲಿಸಿ. ಪರೀಕ್ಷೆಗೆ ಹೊಡೆದಾಟದ ದೃಶ್ಯ ಬೇಡ. ಮಳೆಯಲ್ಲೋ ಸಂತೆಯಲ್ಲೋ ಇಬ್ಬರು ಮೆತ್ತಗೆ ಮಾತಾಡುವ ದೃಶ್ಯ ಹಾಕಿ, ಮನೆಯಲ್ಲಿ ಯಾರಿಗೆ ಕಿವಿ ಮಂದವೋ ಅವರನ್ನು ಅವರ ಮಾಮೂಲು ಜಾಗದಲ್ಲಿ ಕೂರಿಸಿ, ಈಗೇನು ಹೇಳಿದರು ಎಂದು ಕೇಳಿ. ಗೆಳೆಯನ ಅಮ್ಮ ಸೆಂಟರ್ 2 ಏರಿಸಿದಾಗ ಒಂದು ಸಾಲು ಪೂರ್ತಿ ಹೇಳಿದರು. ವೂಫರ್ ಇಳಿಸಿದ ಮೇಲೆ ನಾವು ಕೇಳುವುದಕ್ಕೂ ಕಾಯಲಿಲ್ಲ, ಪಾತ್ರ ಹೇಳಿದ್ದಕ್ಕೆ ಉತ್ತರ ಕೊಡತೊಡಗಿದರು. ಕಿವಿಯ ಸಮಸ್ಯೆ ಇದಕ್ಕೂ ಮೀರಿದ್ದಾದರೆ ಸ್ಪೀಕರಿನಲ್ಲಿ ಮದ್ದಿಲ್ಲ, ಕಿವಿಯ ಡಾಕ್ಟರ ಹತ್ತಿರ ಹೋಗಿ ಅಳತೆ ಮಾಡಿಸಬೇಕು. ಇದಕ್ಕೆ ನಾಚಿಕೆಪಡುವವರು ನಮ್ಮಲ್ಲಿ ಬಹಳ.

ವೂಫರಿನ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು, ಮನೆಯ ಒಳಗಿನ ಜಗಳ ಸೆಂಟರಿನದಾದರೆ ಮನೆಯ ಹೊರಗಿನ ಜಗಳ ಇದರದ್ದು. ಹದಿನೈದು ಅಡಿ ಉದ್ದದ ಕೋಣೆ ಸುಮಾರು 37 ಹರ್ಟ್ಸ್‌ನಲ್ಲಿ, ಹತ್ತಡಿ ಅಗಲ ಸುಮಾರು 56 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ. ಖಾಲಿ ಕೊಡದೊಳಗೆ ಕೂಗಿದರೆ ಒಂದು ಸ್ವರಕ್ಕೆ ಕೊಡವೇ ದನಿಗೂಡುತ್ತದಲ್ಲ, ಅದೇ ಇದು. ಈ ಗುಂಯ್ ಗೋಡೆಯ ಬಳಿ, ಮೂಲೆಯಲ್ಲಿ ಅತಿ ಹೆಚ್ಚು. ನಾವು ವೂಫರನ್ನು ಇಡುವುದು ಮೂಲೆಯಲ್ಲಿ, ಕೂರುವುದು ಗೋಡೆಗೆ ಒರಗಿ! ಸೋಫಾವನ್ನು ಒಂದಡಿ ಮುಂದೆ ಎಳೆಯಲು ಸಾಧ್ಯವಾದರೆ ಎಳೆಯಿರಿ. ಬಾಲ್ಕನಿಯ ಬಾಗಿಲು ತೆಗೆಯಲಾಗದು ಎನ್ನುವವರು ವೂಫರನ್ನಾದರೂ ಮೂಲೆಯಿಂದ ಸರಿಸಿ. ಎಲ್ಲಿಗೆ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ವೂಫರನ್ನೇ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಇಟ್ಟು ಬಾಸ್ ಇರುವ ಒಂದು ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಉದ್ದಕ್ಕೂ ಹೋಗಿ. ಎಲ್ಲಿ ಎಲ್ಲ ಪೆಟ್ಟುಗಳೂ ಒಂದೇ ಹದವಾಗಿ, ಸ್ಪಷ್ಟವಾಗಿ ಕೇಳುತ್ತವೋ ಅಲ್ಲಿ ವೂಫರ್ ಇಡಿ. ಮಕ್ಕಳು ನಗುತ್ತಾರೆ, ನಗಲಿ. ಅದರ ಲೆವೆಲನ್ನು ಕಿವಿಯಿಂದಲೇ ಹೊಂದಿಸಿ. ವೂಫರ್ ಇದೆ ಎಂಬುದು ಆಫ್ ಮಾಡಿದಾಗ ಮಾತ್ರ ಗೊತ್ತಾಗಬೇಕು, ಆನ್ ಇದ್ದಾಗ ಅದು ಎಲ್ಲಿದೆ ಎಂದು ಬೆರಳು ತೋರಿಸಲು ಬರಬಾರದು.

ಕೆಳಗಿನ ಮನೆಯವರಿಗೆ ನಮ್ಮ ಸಿನಿಮಾದ ಕಥೆ ತಲುಪುವುದಿಲ್ಲ, ಗುದ್ದು ಮಾತ್ರ ತಲುಪುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದಿದೆ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಹಾಲ್‌ನಲ್ಲಿ 75 ಇರುವಾಗ ಮಾತಿನ ಸದ್ದನ್ನು ಗೋಡೆ ಬಹಳಷ್ಟು ತಡೆಯುತ್ತದೆ. ತಗ್ಗಿನ ಸದ್ದಿಗೆ ಗೋಡೆ, ಸ್ಲ್ಯಾಬು ಯಾವುದೂ ದೊಡ್ಡ ಅಡ್ಡಿಯಲ್ಲ. ವೂಫರಿನ ಅಡಿಗೆ ದಪ್ಪ ಫೋಮ್ ಹಾಕಿದರೆ ನೆಲದ ನಡುಕ ಸ್ವಲ್ಪ ತಗ್ಗುತ್ತದೆ, ಗಾಳಿಯಲ್ಲಿ ಹೋಗುವುದು ಹೋಗಿಯೇ ಹೋಗುತ್ತದೆ. ಹತ್ತು ಗಂಟೆಯ ಮೇಲೆ ವೂಫರನ್ನು ಇನ್ನೂ 4, 5 ಇಳಿಸುವುದು, ಇಲ್ಲವೇ ‘ನೈಟ್ ಮೋಡ್’ ಒತ್ತುವುದು, ಇಷ್ಟೇ ದಾರಿ. ನೈಟ್ ಮೋಡ್ ಜೋರಿನದನ್ನು ತಗ್ಗಿಸಿ ಮೆತ್ತಗಿನದನ್ನು ಎತ್ತುತ್ತದೆ, ಮಾತಿಗೂ ಅನುಕೂಲ. ಸೊಸೈಟಿಯ ಮೀಟಿಂಗಿನಲ್ಲಿ ನಿಮ್ಮ ಫ್ಲ್ಯಾಟಿನ ನಂಬರು ಓದುವುದಕ್ಕಿಂತ ಇದು ಸುಲಭ.

ಎಲ್ಲ ಮಾಡಿಯೂ ಮಾತು ಬರದಿದ್ದರೆ ಟಿವಿಯ ಸೆಟ್ಟಿಂಗ್ ನೋಡಿ. ಡಿಜಿಟಲ್ ಆಡಿಯೋ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ಬಹಳ ಟಿವಿಗಳು 5.1 ಅನ್ನು ಎರಡೇ ಚಾನೆಲ್ ಮಾಡಿ ಕಳಿಸುತ್ತವೆ. ‘ಆಟೋ’ ಅಥವಾ ‘ಬಿಟ್‌ಸ್ಟ್ರೀಮ್’ ಮಾಡಿ. ಧಾರಾವಾಹಿ, ವಾರ್ತೆ, ಹಳೆಯ ಸಿನಿಮಾ ಸಾಮಾನ್ಯವಾಗಿ ಎರಡೇ ಚಾನೆಲಿನಲ್ಲಿ ಬರುತ್ತವೆ. ಅವಕ್ಕೆ ರಿಸೀವರಿನಲ್ಲಿ ‘ಡಾಲ್ಬಿ ಸರೌಂಡ್’ ಅಥವಾ ‘ಪ್ರೊ ಲಾಜಿಕ್’ ಹಾಕಿದರೆ ಎಡಬಲ ಎರಡರಲ್ಲೂ ಸಮನಾಗಿರುವ ಸದ್ದನ್ನು ಹೆಕ್ಕಿ ಸೆಂಟರಿಗೆ ಕೊಡುತ್ತದೆ. 1972ರ ‘ಬಂಗಾರದ ಮನುಷ್ಯ’ ಹಾಕಿ ನೋಡಿ. ಅದು ಮೋನೋ ಧ್ವನಿಯ ಕಾಲದ್ದು, ಎರಡೂ ಬದಿ ಒಂದೇ ಸದ್ದು. ಹಾಗಾಗಿ ಅಷ್ಟು ಸ್ಪೀಕರುಗಳಿದ್ದರೂ ರಾಜ್‌ಕುಮಾರ್ ಬರುವುದು ಹೆಚ್ಚು ಕಡಿಮೆ ಪೂರ್ತಿಯಾಗಿ ಸೆಂಟರಿನಿಂದಲೇ. ಉಳಿದವು ಸುಮ್ಮನಿರುತ್ತವೆ, ಹಾಳಾಗಿಲ್ಲ.

ಸೌಂಡ್‌ಬಾರ್ ಇದ್ದವರು ನಮಗೇನು ಎನ್ನಬೇಡಿ. ಸೆಂಟರ್ ಏರಿಸುವ ಗುಂಡಿ ಅದರಲ್ಲಿ ಇಲ್ಲದಿರಬಹುದು. ಹಿಂದಿನವನ್ನೂ ವೂಫರನ್ನೂ ಇಳಿಸುವ ಗುಂಡಿ ಬಹುತೇಕ ಇರುತ್ತದೆ. ಅವನ್ನು ಇಳಿಸಿ ಒಟ್ಟು ವಾಲ್ಯೂಮ್ ಏರಿಸಿದರೆ ಸೆಂಟರ್ ಏರಿದ ಹಾಗೆಯೇ. ‘ವಾಯ್ಸ್’ ಎಂಬ ಗುಂಡಿ ಇದ್ದರೆ ಅದನ್ನೂ ಒತ್ತಿ ನೋಡಿ. ಬಾರನ್ನು ಟಿವಿಯ ಕಾಲಿನ ಹಿಂದೆ ಅಡಗಿಸಿಡಬೇಡಿ.

ಸಂಜೆ ಆಫೀಸಿನಿಂದ ಬಂದ ಕೂಡಲೇ ಈ ಕೆಲಸಕ್ಕೆ ಕೂರಬೇಡಿ. ಗರ್ದಿಯ ಲೋಕಲ್‌ನಲ್ಲಿ ಒಂದೂವರೆ ಗಂಟೆ ನಿಂತು ಬಂದ ಕಿವಿ ಎಲ್ಲವನ್ನೂ ಏರಿಸು ಎನ್ನುತ್ತದೆ. ಮತ್ತೆ, ಕೊನೆಗೆ ನಿಂತ ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ಕರೆಂಟು ಹೋಗಿ ಬಂದಾಗ ಮರೆತುಬಿಡುವ ಯಂತ್ರಗಳಿವೆ, ರಜೆಗೆ ಬಂದು ಎಲ್ಲವನ್ನೂ ಒತ್ತಿ ನೋಡುವ ಅಳಿಯಂದಿರೂ ಇದ್ದಾರೆ. ಗೆಳೆಯನ ಮನೆಯಲ್ಲಿ ಅದನ್ನು ಕಾಲನಿರ್ಣಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಮೇಲೆ, ಹಾಲಿನವನ ಲೆಕ್ಕದ ಕೆಳಗೆ ಬರೆದಿದ್ದಾರೆ. ಹೊಸ ವರ್ಷದ ಕ್ಯಾಲೆಂಡರ್ ತಂದಾಗ ನಕಲು ಮಾಡಿಕೊಳ್ಳಬೇಕು, ಅಷ್ಟೆ.